ಚೂರೂ ದಂಡವಾಗದ ಅಂಗಿ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ 1540ರ ದಶಕದ ಲಿನನ್ ಅಂಗಿಯೊಂದಿದೆ. ಕೊರಳಪಟ್ಟಿಯ ಮೇಲೆ ನೀಲಿ ರೇಷ್ಮೆಯ ಕಸೂತಿ. ಇಂಥವನ್ನು ಮತ್ತೆ ಹೊಲಿಯುವವರಿಗೆ ದಾರಿ ತೋರಿದವರು ಜಾನೆಟ್ ಆರ್ನಾಲ್ಡ್. ಉಳಿದುಬಂದ ಉಡುಪುಗಳನ್ನು ಅಳೆದು, ಹೊಲಿಗೆಯ ಜಾಡು ಹಿಡಿದು ನಕ್ಷೆ ಬರೆದರು. 1998ರಲ್ಲಿ ಅವರು ತೀರಿಕೊಂಡ ಮೇಲೆ, ಅಂಗಿ ಮತ್ತು ಹೆಂಗಸರ ಒಳನಿಲುವಂಗಿಗಳ ನಕ್ಷೆಗಳ ಸಂಪುಟವನ್ನು ಜೆನ್ನಿ ತಿರಮಾನಿ, ಸಂತೀನಾ ಲೆವಿ ಪೂರ್ಣಗೊಳಿಸಿದರು. ಅದು 2008ರಲ್ಲಿ ಹೊರಬಂತು.

ಇಂಥ ಅಂಗಿಯ ತುಂಡುಗಳನ್ನು ಬಿಡಿಸಿ ನೋಡಿದರೆ ಬಹುಪಾಲು ಆಯತ, ಚೌಕ, ತ್ರಿಕೋನಗಳೇ. ಕೈಯಲ್ಲಿ ನೂತು ನೇಯ್ದ ಬಟ್ಟೆ ದಂಡವಾಗದಂಥ ಕತ್ತರಿಕೆ. ಕಂಕುಳಲ್ಲಿ ಕೂರಿಸಿದ ಪುಟ್ಟ ಚೌಕವಂತೂ ಅದ್ಭುತ: ತೋಳೆತ್ತಿದಾಗ ಮೂಲೆಯಿಂದ ಮೂಲೆಗೆ ಹಿಗ್ಗಿ, ಹೊಲಿಗೆ ಹರಿಯದಂತೆ ಕಾಯುತ್ತದೆ. ನಮ್ಮ ಜುಬ್ಬದಲ್ಲೂ ಇದೇ ಉಪಾಯವುಂಟು.

ಇದನ್ನು ಮತ್ತೆ ಹೊಲಿಯಹೊರಟರೆ ತೊಡಕಿರುವುದು ಬಟ್ಟೆಯಲ್ಲಿ. ಆ ಕಾಲದಷ್ಟು ನವಿರಾದ ಲಿನನ್ ಇಂದು ಅಪರೂಪ. ದಪ್ಪ ಬಟ್ಟೆಯಲ್ಲಿ ಕೊರಳಿನ ಒತ್ತುನೆರಿಗೆ ಕೂರುವುದಿಲ್ಲ.