ಪೆಟ್ಟು ಮತ್ತು ಪಟ್ಟಿ

ಉಳಿಪೆಟ್ಟು ತಿಂದರೇ ಕಲ್ಲು ಮೂರ್ತಿಯಾಗುವುದೆಂದು ಕೇಳುತ್ತಲೇ ಬೆಳೆದವರು ನಾವು. ಬ್ರಿಟನ್ನಿನ ಕ್ರಿಸ್ ಹಂಟ್ ರೂಪಿಸಿ, 2018ರಲ್ಲಿ ಪೂರ್ಣಗೊಂಡ ‘ಕೆನ್ಷಿ’ ಎಂಬ ಕಂಪ್ಯೂಟರ್ ಆಟವೂ ಮೇಲ್ನೋಟಕ್ಕೆ ಅದನ್ನೇ ಹೇಳುತ್ತದೆ. ಅಲ್ಲಿ ಗೊಂಬೆಗೆ ಹೊಡೆದು ಕಲಿತ ವರಸೆ ಸ್ವಲ್ಪ ದೂರವಷ್ಟೇ ಸಾಗುತ್ತದೆ. ಮೈ ಗಟ್ಟಿಯಾಗಬೇಕಾದರೆ ನಿಜವಾದ ಕಾಳಗದಲ್ಲಿ ಪೆಟ್ಟು ತಿಂದು, ಬಿದ್ದು, ಮತ್ತೆ ಏಳಬೇಕು.

ನನಗೆ ಆಟ ಹಿಡಿಸಿದ್ದು ಬೇರೆ ಕಾರಣಕ್ಕೆ. ಗಾಯಕ್ಕೆ ಪಟ್ಟಿ ಕಟ್ಟುವವರಿಲ್ಲದಿದ್ದರೆ ಬಿದ್ದವನು ರಕ್ತ ಸೋರಿ ಸತ್ತೇಹೋಗಬಹುದು. ಪಟ್ಟಿ ಕಟ್ಟುವುದೂ ಅಲ್ಲೊಂದು ವಿದ್ಯೆ. ಕಟ್ಟಿದಷ್ಟೂ ಕೈ ಪಳಗುತ್ತದೆ, ಅದಕ್ಕೂ ಅಂಕವುಂಟು.

ನಮ್ಮ ಮನೆಗಳಲ್ಲಿ ಪೆಟ್ಟಿನ ಗುಣಗಾನವಷ್ಟೇ ಕೇಳಿಸುತ್ತದೆ. ಗಟ್ಟಿಗಿತ್ತಿ ಎನ್ನಿಸಿಕೊಂಡ ಎಷ್ಟೋ ಹೆಂಗಸರನ್ನು ಉಳಿಸಿದ್ದು ಪಕ್ಕದಲ್ಲಿ ಕುಳಿತು ಆರೈಕೆ ಮಾಡಿದ ಇನ್ನೊಬ್ಬಳ ಕೈ. ಅವಳ ಹೆಸರಿಗೆ ಅಂಕ ಬರೆದಿಟ್ಟವರು ಯಾರು?