ಮೃಗದ ಮೊಗ, ನ್ಯಾಯದ ನುಡಿ: ಪಂಜುರ್ಲಿ ಆರಾಧನೆಯ ಒಂದು ವಿವೇಚನೆ

ಅರ್ಧ ಮಾನವ, ಅರ್ಧ ಮೃಗವಾದ ಶಕ್ತಿಯೊಂದರ ಮುಂದೆ ಜನರು ನ್ಯಾಯವನ್ನು ಏಕೆ ಬೇಡುತ್ತಾರೆ ಎಂಬ ಪ್ರಶ್ನೆ ಒಂದೇ ಸಂಸ್ಕೃತಿಗೆ ಸೀಮಿತವಾದುದಲ್ಲ. ಗ್ರೀಕ್ ಪುರಾಣಗಳ ಕೆಂಟಾರರು ಸೊಂಟದವರೆಗೆ ಮನುಷ್ಯರು, ಕೆಳಗೆ ಕುದುರೆಗಳು. ಸಾಮಾನ್ಯವಾಗಿ ಅವರು ಕಟ್ಟಳೆ ಮೀರಿದವರು. ಹೋಮರನ ಇಲಿಯಡ್ ಕಾವ್ಯವು ಅವರೊಳಗೆ ಪರಮ ನ್ಯಾಯವಂತನೆಂದು ಕರೆಯುವುದು ಕೈರಾನನನ್ನು. ಅಲ್ಲಿ ನ್ಯಾಯವಂತನಾದ ಮೃಗಮಾನವನು ಅಪವಾದ. ತುಳುನಾಡಿನ ಭೂತಾರಾಧನೆಯಲ್ಲಿ ಹಾಗಲ್ಲ. ಹಂದಿಯ ರೂಪದ ಪಂಜುರ್ಲಿ, ಕೋಣದ ರೂಪದ ಮೈಸಂದಾಯ, ಹುಲಿಯ ರೂಪದ ಪಿಲಿಚಾಮುಂಡಿ ಇವೆಲ್ಲ ಅಲ್ಲಿ ‘ಸತ್ಯೊಲು’, ಎಂದರೆ ಸತ್ಯಗಳು. ಈ ಮೃಗಾಂಶಕ್ಕೂ ನ್ಯಾಯಕ್ಕೂ ಇರುವ ಸಂಬಂಧವನ್ನು ಪಂಜುರ್ಲಿಯ ಮೂಲಕ ಪರಿಶೀಲಿಸುವುದು ಈ ಬರಹದ ಉದ್ದೇಶ.

ಪಂಜುರ್ಲಿಯ ತುಳು ಪಾಡ್ದನಕ್ಕೆ ಹಲವು ಪಾಠಗಳಿವೆ. ಪ್ರಚಲಿತವಾದ ಒಂದು ಪಾಠದಂತೆ, ಪಾರ್ವತಿಯ ಅಕ್ಕರೆಯಲ್ಲಿ ಬೆಳೆದ ಹಂದಿಮರಿಯು ಈಶ್ವರನ ತೋಟವನ್ನು ಹಾಳುಗೆಡವುತ್ತದೆ. ಶಾಪಕ್ಕೆ ಒಳಗಾಗಿ ಭೂಮಿಗೆ ಇಳಿದು, ಬೆಳೆಯನ್ನೂ ಜನರನ್ನೂ ಕಾಯುವ ದೈವವಾಗುತ್ತದೆ. ಬೇಸಾಯಗಾರನ ದೃಷ್ಟಿಯಿಂದ ನೋಡಿದರೆ ಇದರ ಅರ್ಥ ಸ್ಪಷ್ಟ. ಗದ್ದೆಗೆ ನುಗ್ಗುವ ಹಂದಿ ಅವನ ನಿತ್ಯದ ಶತ್ರು. ಅದೇ ಶಕ್ತಿಯನ್ನು ಅವನು ಕಾವಲಿಗೆ ನಿಲ್ಲಿಸಿಕೊಂಡಿದ್ದಾನೆ. ಹಾನಿ ಮಾಡಬಲ್ಲುದು ಮಾತ್ರ ಹಾನಿಯನ್ನು ತಡೆಯಬಲ್ಲುದು ಎಂಬ ತಿಳಿವಳಿಕೆ ಇಲ್ಲಿದೆ. ಆದ್ದರಿಂದ ಮೃಗಾಂಶವು ಸಂಸ್ಕಾರಗೊಳ್ಳದೆ ಉಳಿದ ಶೇಷವಲ್ಲ, ನ್ಯಾಯದ ಅಧಿಕಾರ ಹುಟ್ಟುವ ಸ್ಥಾನ.

ಕಲ್ಕುಡ–ಕಲ್ಲುರ್ಟಿಯರ ಕಥನ ಇದಕ್ಕೆ ಪೂರಕ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡನ ಒಂದು ಕೈ, ಒಂದು ಕಾಲನ್ನು ಅರಸನು ಕಡಿಸುತ್ತಾನೆ. ಉಳಿದ ಕೈಯಿಂದಲೇ ಅವನು ವೇಣೂರಿನ ಮೂರ್ತಿಯನ್ನು ಮಾಡುತ್ತಾನೆ. ಮುಂದೆ ಅಣ್ಣ ತಂಗಿಯರಿಬ್ಬರೂ ದೈವಗಳಾಗಿ ಅರಸನನ್ನು ಕಾಡುತ್ತಾರೆ. ಕಾರ್ಕಳದ ಮೂರ್ತಿ ಸ್ಥಾಪನೆಯಾದುದು 1432ರಲ್ಲಿ, ವೇಣೂರಿನದು 1604ರಲ್ಲಿ. 172 ವರ್ಷಗಳ ಅಂತರವನ್ನು ಪಾಡ್ದನವು ಒಬ್ಬನೇ ಮನುಷ್ಯನ ಆಯುಷ್ಯದೊಳಗೆ ತಂದಿದೆ. ಇದನ್ನು ಕಾಲಗಣನೆಯ ದೋಷವೆಂದು ತಳ್ಳಿಹಾಕುವುದು ಸುಲಭ. ಶಾಸನಗಳು ಮಾಡಿಸಿದ ಅರಸರ ಹೆಸರನ್ನು ಉಳಿಸಿವೆ. ಪಾಡ್ದನ ಕಡೆದವನ ಗಾಯವನ್ನು ಉಳಿಸಿದೆ. ಪಂಜುರ್ಲಿಯಲ್ಲಿ ಹಾನಿ ಮಾಡಿದ ಶಕ್ತಿ ಕಾವಲಾದರೆ, ಕಲ್ಕುಡನಲ್ಲಿ ಹಾನಿಗೆ ಒಳಗಾದವನೇ ನ್ಯಾಯಾಧಿಪತಿಯಾಗುತ್ತಾನೆ. ಎರಡರಲ್ಲಿಯೂ ನ್ಯಾಯವು ಅನ್ಯಾಯದ ಅನುಭವದಿಂದ ಹೊರಗೆ ನಿಂತದ್ದಲ್ಲ.

ಈ ನ್ಯಾಯ ಕಾರ್ಯರೂಪಕ್ಕೆ ಬರುವುದು ನೇಮದ ಕಣದಲ್ಲಿ. ನಲಿಕೆ, ಪರವ, ಪಂಬದ ಸಮುದಾಯಗಳ ಕಲಾವಿದನು ಅರದಾಳ ಬಳಿದು, ಗಗ್ಗರ ಕಟ್ಟಿ, ಲೋಹದ ಮೊಗ ಧರಿಸಿದಾಗ ಹಂದಿಯ ಮೊಗ ಮತ್ತು ಮನುಷ್ಯನ ದೇಹ ಒಂದಾಗುತ್ತವೆ. ಆಗ ಹೊರಡುವ ಮಾತು ‘ನುಡಿ’. ಹೈದರಾಬಾದಿನ ನಾರಾಯಣಗೂಡ, ಕಾಚಿಗೂಡಗಳ ಕನ್ನಡ ಓದುಗರಿಗೆ ಆಷಾಢದ ಬೋನಾಲು ಪರಿಚಿತ. ಸಿಕಂದರಾಬಾದಿನ ಉಜ್ಜಯಿನಿ ಮಹಾಕಾಳಿ ಗುಡಿಯ ‘ರಂಗಂ’ ಸಂದರ್ಭದಲ್ಲಿ ಹಸಿಮಡಕೆಯ ಮೇಲೆ ನಿಂತ ಮಹಿಳೆ ಮುಖ್ಯವಾಗಿ ಬರಲಿರುವ ವರ್ಷದ ಭವಿಷ್ಯವನ್ನು ಹೇಳುತ್ತಾಳೆ. ದೈವದ ನುಡಿ ಅಭಯವನ್ನು ನೀಡುವುದರ ಜೊತೆಗೆ ದೂರನ್ನು ಆಲಿಸುತ್ತದೆ, ಎರಡೂ ಪಕ್ಷಗಳನ್ನು ಕರೆಯುತ್ತದೆ, ಊರಿನ ಸಮಕ್ಷಮದಲ್ಲಿ ತೀರ್ಮಾನ ಹೇಳುತ್ತದೆ. ಒಂದು ಕಾಲವನ್ನು ಕುರಿತ ಮಾತು, ಇನ್ನೊಂದು ವ್ಯವಹಾರವನ್ನು ಕುರಿತದ್ದು.

ಅಧ್ಯಯನಗಳು ಈ ಅಂಶಕ್ಕೆ ಸಾಕಷ್ಟು ಗಮನ ಕೊಟ್ಟಿವೆಯೇ? ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟವಾದಾಗ ಅವುಗಳ ತಲೆಬರಹವೇ ‘ತುಳುವರ ಪಿಶಾಚಾರಾಧನೆ’ ಎಂಬ ಅರ್ಥದ್ದಾಗಿತ್ತು. ಉಪಾಧ್ಯಾಯ ದಂಪತಿಗಳ 1984ರ ಗ್ರಂಥವು ಇದನ್ನು ಆಚರಣಾತ್ಮಕ ರಂಗಭೂಮಿಯೆಂದು ಕಂಡು ಆ ಪೂರ್ವಗ್ರಹದಿಂದ ಬಿಡಿಸಿತು. 2022ರ ‘ಕಾಂತಾರ’ ಚಲನಚಿತ್ರ ಪಂಜುರ್ಲಿ, ಗುಳಿಗರನ್ನು ತುಳುನಾಡಿನ ಆಚೆಗೆ ಒಯ್ದಿತು; ಆದರೆ ಅದರ ಕೊನೆಯಲ್ಲಿ ಉಗ್ರ ಹೋರಾಟವೇ ನ್ಯಾಯದ ರೂಪವಾಗಿ ಪ್ರೇಕ್ಷಕನ ಮನಸ್ಸಿನಲ್ಲಿ ನಿಲ್ಲುತ್ತದೆ. ಕಣದ ಅನುಭವದಲ್ಲಿ ಆರ್ಭಟವು ಪೀಠಿಕೆ, ನುಡಿಯೇ ಮುಖ್ಯ. ಆರ್ಭಟವನ್ನಷ್ಟೇ ಕಂಡವರಿಗೆ ಮೃಗ ಕಾಣುತ್ತದೆ, ನ್ಯಾಯಸಭೆ ಕಾಣುವುದಿಲ್ಲ.

ಹಾಗೆಂದು ಆ ಸಭೆಯನ್ನು ಆದರ್ಶವೆಂದು ಕೊಂಡಾಡುವುದೂ ಸರಿಯಲ್ಲ. ದೈವವು ಗುತ್ತು, ಬೀಡುಗಳ ಯಜಮಾನರನ್ನು ಅವರವರ ಅಂತಸ್ತಿನ ಕ್ರಮದಲ್ಲಿಯೇ ಹೆಸರಿಸಿ ಕರೆಯುತ್ತದೆ. ಶ್ರೇಣಿಯನ್ನು ಪ್ರಶ್ನಿಸಬಲ್ಲ ನುಡಿಯೇ ಶ್ರೇಣಿಯನ್ನು ವರ್ಷವರ್ಷವೂ ದೃಢಪಡಿಸುತ್ತದೆ. ಗೇಣಿ ಒಕ್ಕಲಿಗೆ ಭೂಮಿಯ ಹಕ್ಕು ದೊರೆತದ್ದು 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ, ನೇಮದ ಕಣದಿಂದಲ್ಲ. ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ರಾಜ್ಯ ಸರ್ಕಾರ ಘೋಷಿಸಿದ್ದು 2022ರ ಅಕ್ಟೋಬರಿನಲ್ಲಿ, ಚಿತ್ರ ತೆರೆಕಂಡ ಮರುತಿಂಗಳು. ಇರುಳಿಡೀ ಊರಿನ ವ್ಯಾಜ್ಯಗಳನ್ನು ತೀರಿಸಿದ ಬಾಯಿ, ಬೆಳಗಾಗಿ ಮೊಗ ಕಳಚಿದ ಮೇಲೆ, ತನ್ನ ವ್ಯಾಜ್ಯವನ್ನು ಯಾರ ಮುಂದೆ ಇಡಬೇಕು? ಪಂಜುರ್ಲಿಯನ್ನು ನ್ಯಾಯದ ದೈವವೆಂದು ಗೌರವಿಸುವ ಯಾವ ಅಧ್ಯಯನವೂ ಈ ಪ್ರಶ್ನೆಯನ್ನು ಬದಿಗೆ ಸರಿಸುವಂತಿಲ್ಲ.