ವಾರಸುದಾರರಿಲ್ಲದ ದೇಹಗಳು: ಒಂದು ಕಾದಂಬರಿಯ ದೈವಶಾಸ್ತ್ರೀಯ ಓದು

ಅಮೆರಿಕದ ಕಾಲ್ಸನ್ ವೈಟ್‌ಹೆಡ್ ಅವರ ‘ದಿ ಅಂಡರ್‌ಗ್ರೌಂಡ್ ರೈಲ್‌ರೋಡ್’ (2016) ಗುಲಾಮಗಿರಿಯಿಂದ ತಪ್ಪಿಸಿಕೊಂಡ ಕೋರಾ ಎಂಬ ಯುವತಿಯ ಕಥೆ. 2017ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಈ ಐತಿಹಾಸಿಕ ಕಾದಂಬರಿ ವೈದ್ಯವಿದ್ಯೆಯ ಬುಡದಲ್ಲಿ ಹೂತಿರುವ ಪಾಪವನ್ನೂ ಅಗೆದು ತೋರಿಸುತ್ತದೆ. ಬಾಸ್ಟನ್ನಿನ ವೈದ್ಯವಿದ್ಯಾರ್ಥಿ ಸ್ಟೀವನ್ಸ್ ಹೆಣಗಳ್ಳರ ಜೊತೆಗೂಡುತ್ತಾನೆ. ಕರಿಯರ ಸಮಾಧಿಗಳಿಂದ ಕದಿಯುವುದು ಅವರಿಗೆ ಸುಲಭ. ಅಲ್ಲಿನ ಕಳವನ್ನು ವಿಚಾರಿಸುವವರಿಲ್ಲ. ಬದುಕಿದ್ದಾಗ ಸಮಾನತೆ ಕಾಣದವನು ಛೇದನದ ಮೇಜಿನ ಮೇಲೆ ಬಿಳಿಯನಿಗೆ ಸಮಾನನಾಗುತ್ತಾನೆ. ಮುಂದೆ ಇದೇ ಸ್ಟೀವನ್ಸ್, ದಕ್ಷಿಣ ಕ್ಯಾರೊಲಿನಾದ ಸೌಜನ್ಯಶೀಲ ವೈದ್ಯನಾಗಿ, ಕೋರಾಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾನೆ. 1932ರಿಂದ 1972ರವರೆಗೆ ಟಸ್ಕೀಗಿಯಲ್ಲಿ ಕರಿಯ ಸಿಫಿಲಿಸ್ ರೋಗಿಗಳನ್ನು ವಂಚಿಸಿ ನಡೆಸಿದ ಅಧ್ಯಯನದ ನೆರಳನ್ನು ಲೇಖಕರು 19ನೆಯ ಶತಮಾನಕ್ಕೆ ತಂದಿದ್ದಾರೆ. ಈ ಕಾಲವ್ಯತ್ಯಾಸ ದೋಷವಲ್ಲ. ಒಂದೇ ಪಾಪ ವೇಷ ಬದಲಿಸುತ್ತ ನಡೆದುದನ್ನು ಅದು ಕಾಣಿಸುತ್ತದೆ.

ಸಭಾಪಾಲಕರನ್ನು ಹೆಚ್ಚು ಕಾಡಬೇಕಾದ ಪಾತ್ರ ಎಥೆಲ್. ಆಫ್ರಿಕಾದಲ್ಲಿ ಮಿಷನರಿಯಾಗುವುದು ಅವಳ ಬಾಲ್ಯದ ಕನಸು. ತನ್ನ ಮನೆಯ ಅಟ್ಟದಲ್ಲಿ ಅಡಗಿದ್ದ ಕೋರಾಳ ಬಗ್ಗೆ ಅವಳಿಗೆ ಅಸಮಾಧಾನವಿತ್ತು. ಕೋರಾ ಕಾಯಿಲೆ ಬಿದ್ದ ಮೇಲೆ ಪ್ರೀತಿಯಿಂದ ಸತ್ಯವೇದ ಓದಿ ಹೇಳುತ್ತಾಳೆ. ವೈದ್ಯನಿಗೂ ಈಕೆಗೂ ಎದುರಿನ ಮನುಷ್ಯಳು ಅಸಹಾಯಕಳಾಗಿ ಮಲಗಿರಬೇಕು. ಒಬ್ಬನಿಗೆ ಅವಳು ವಿದ್ಯೆಯ ಸಾಮಗ್ರಿ, ಇನ್ನೊಬ್ಬಳಿಗೆ ಸೇವೆಯ ಸಾಮಗ್ರಿ. ದೇವಸ್ವರೂಪವನ್ನು ಇಬ್ಬರೂ ಕಾಣಲಿಲ್ಲ. ಆದರೆ ಗುಲಾಮರನ್ನು ಉಳಿಸಿದ ಅವರ ಸ್ವಂತ ವಿಶ್ವಾಸಕ್ಕೆ ಕಾದಂಬರಿಯಲ್ಲಿ ದೊರೆತ ಸ್ಥಳ ಅಲ್ಪ. ಇದು ಕೃತಿಯ ಕೊರತೆ.

ವಿಜಯಪುರಕ್ಕೆ ಇದು ಪರದೇಶದ ಕಥೆಯಲ್ಲ. ಆಫ್ರಿಕಾದಿಂದ ಗುಲಾಮರಾಗಿ ಬಂದ ಹಬ್ಶಿಗಳು ಆದಿಲ್‌ಶಾಹಿ ಕಾಲದಲ್ಲಿ ಇಲ್ಲಿದ್ದರು. ಮುಹಮ್ಮದ್ ಆದಿಲ್ ಷಾನ ಆಸ್ಥಾನದಲ್ಲಿ ಅಧಿಕಾರದ ಶಿಖರವೇರಿದ ಇಖ್ಲಾಸ್ ಖಾನನ ಹೆಸರು ಉಳಿಯಿತು, ಮಿಕ್ಕವರದು ಅಳಿಯಿತು. ಇಂದು ನಗರದಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಕರ್ನಾಟಕದ 1957ರ ಅಂಗರಚನಾ ಕಾಯಿದೆಯು ವಾರಸುದಾರರಿಲ್ಲದ ಶವಗಳನ್ನು ಅಧ್ಯಯನಕ್ಕೆ ಕೊಡಲು ಅವಕಾಶ ನೀಡುತ್ತದೆ. ಇದು ಕಳವಲ್ಲ, ವಿದ್ಯೆಯೂ ಅಗತ್ಯ. ಸ್ವಇಚ್ಛೆಯ ದೇಹದಾನವಂತೂ ಗೌರವಾರ್ಹ. ಆದರೆ ವಾರಸುದಾರರಿಲ್ಲದೆ ಸಾಯುವವರು ಬಹುಮಟ್ಟಿಗೆ ಬಡವರೇ. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಿಗೆ ದೂರದಿಂದ ದುಡಿಯಲು ಬಂದವನೊಬ್ಬ ನಗರದ ಆಸ್ಪತ್ರೆಯಲ್ಲಿ ಒಂಟಿಯಾಗಿ ತೀರಿಕೊಂಡರೆ, ಅವನ ಹೆಸರು ಕೇಳುವವರು ಯಾರು?

ಮರಣದಂಡನೆಗೊಳಗಾದವನ ದೇಹವನ್ನು ಕೇಳಲು ಅರಿಮಥಾಯದ ಯೋಸೇಫನು ಧೈರ್ಯವಾಗಿ ಪಿಲಾತನ ಬಳಿಗೆ ಹೋದನು. ಅವನು ರಕ್ತಸಂಬಂಧಿಯೆಂದು ಸುವಾರ್ತೆಗಳು ಹೇಳುವುದಿಲ್ಲ. ಆಸ್ಪತ್ರೆಯನ್ನು ಸಂದರ್ಶಿಸುವ ಸಭಾಪಾಲಕನ ಸೇವೆ ರೋಗಿಯ ಮಂಚದ ಬಳಿ ಮುಗಿಯದೆ, ಶವಾಗಾರದ ಬಾಗಿಲಿನವರೆಗೂ ಸಾಗಬೇಕು.